ತೂಕದ ಮನೆ

ರುಸೆಯ ಸೇತುವೆಗೆ ಈಚೆ ದಡದಲ್ಲಿ
ಲಾರಿ ತೂಗುವ ಕಟ್ಟೆಗೆ ಅಂಟಿಕೊಂಡ ತಗಡಿನ ಕೋಣೆ.
ರಾತ್ರಿ ಪಾಳಿಗೆ ನಾವಿಬ್ಬರು, ನಾನು ಮತ್ತು ಝೆಚ್ಕೊ.
ರಸೀದಿ ಹರಿಯುವುದು ನನ್ನ ಕೆಲಸ.
ತೂಗುವುದು ಅವನದು. ನಡುವೆ ಸಿಕ್ಕ ಹತ್ತು ಹತ್ತು ನಿಮಿಷ
ಗಾಜೊಡೆದ ಫೋನಿನಲ್ಲಿ ಚದುರಂಗ.

ಅಲ್ಲಿ ಅವನ ಹೆಸರು ‘ನಲವತ್ತು ಟನ್’.
ಅಂಕ ಸಾವಿರದ ನಾನೂರ ಹನ್ನೆರಡು.
ಆರು ವರ್ಷದಿಂದ ಆಸುಪಾಸು ಅಲ್ಲೇ,
ಚಳಿಗೆ ಕೊಂಚ ಏರುತ್ತದೆ,
ಕಲ್ಲಂಗಡಿ ಲಾರಿಗಳು ಶುರುವಾದರೆ ಇಳಿಯುತ್ತದೆ.

ಅವನು ರಾಜನಿಗೆ ಕೋಟೆ ಕಟ್ಟುವುದಿಲ್ಲ.
ಮೂಲೆ ಹಿಡಿದು ಕೂತವನಿಗೆ ಯಾರು ಪ್ರಾಣ ಕೊಡುತ್ತಾರೆ, ಎನ್ನುತ್ತಾನೆ.
ಮಂತ್ರಿಗೆ ಮಂತ್ರಿ ಕೊಟ್ಟು ತಗೊಳ್ಳುವ ವ್ಯಾಪಾರ ಬೇಡ,
ಎದುರಿನವರು ಕೇಳಿದರೆ
ನಾಚಿದವನಂತೆ ಪಕ್ಕದ ಮನೆಗೆ ಸರಿಯುತ್ತಾನೆ.
ಒಂಟೆ ಎಂದರೆ ಅಸಡ್ಡೆ, ಹುಟ್ಟಿದ ಬಣ್ಣ ಬಿಟ್ಟು ಕಾಲಿಡದ ಪ್ರಾಣಿಯಂತೆ.
ಕುದುರೆ ಮಾತ್ರ ಕೊಡ. ಎರಡೂ ಉಳಿದರೆ
ಮಿಕ್ಕದ್ದೆಲ್ಲ ಹೋದರೂ ಗುನುಗುತ್ತಾನೆ.
ಹದಿನೈದನೆಯ ನಡೆಯ ಹೊತ್ತಿಗೆ ಒಂದು ಕಾಲಾಳನ್ನು
ಕಾರಣವಿಲ್ಲದೆ ಮುಂದಕ್ಕೆ ನೂಕುತ್ತಾನೆ,
ನೂಕಿದ ಮೇಲೆ ಕಾರಣ ಹುಡುಕುತ್ತಾನೆ.
ಸಿಕ್ಕಿದ್ದೂ ಉಂಟು.

ಸೋತೆ ಎಂದು ಒಪ್ಪುವ ಗುಂಡಿಯನ್ನು ಅವನು ಒತ್ತಿದ್ದು ನಾನು ಕಂಡಿಲ್ಲ.
ಒಂಟಿ ರಾಜನನ್ನು ಮನೆಯಿಂದ ಮನೆಗೆ
ಬಾಡಿಗೆ ಕಟ್ಟದವನಂತೆ ಅಲೆಸುತ್ತಾನೆ
ಕೊನೆಯ ಬಾಗಿಲು ಮುಚ್ಚುವ ತನಕ.

ಒಂದು ರಾತ್ರಿ ಎದುರಿಗೆ ಬ್ರೆಜಿಲಿನ ಬಾವುಟ.
ಝೆಚ್ಕೊ ಒಂದು ಆನೆ ಮುಂದೆ,
ಇನ್ನೆರಡು ನಡೆಗೆ ಆಟ ಖಲಾಸು, ನನಗೂ ಕಾಣುತ್ತಿತ್ತು.
ಹೊರಗೆ ಹಾರ್ನು.
ಹಿಂದಿನ ಅಚ್ಚಿಗೆ ಭಾರ ಹೆಚ್ಚಾದ ಟರ್ಕಿಯ ಟೊಮೆಟೊ ಲಾರಿ.
ಎದ್ದ, ಬೂಟು ಮೆಟ್ಟಿದ, ಚಕ್ರ ಎಣಿಸಿದ,
ಚಾಲಕನ ಜೊತೆ ಜಗಳಾಡಿದ, ನಕ್ಕ,
ನಾಲ್ಕು ಟೊಮೆಟೊ ತಂದ.
ಫೋನಿನ ಗಡಿಯಾರದಲ್ಲಿ ಸೊನ್ನೆ.

ಆಟ ಮುಗಿದ ಮೇಲೆ ಯಂತ್ರ ಲೆಕ್ಕ ಒಪ್ಪಿಸುತ್ತದೆ,
ಇಷ್ಟು ಒಳ್ಳೆಯ ನಡೆ, ಇಷ್ಟು ತಪ್ಪು, ಇಷ್ಟು ಮಹಾತಪ್ಪು,
ನೂರು ಸೋಲಲ್ಲಿ ನಲವತ್ತೊಂದು ಸಮಯ ಮೀರಿ.
ಟೊಮೆಟೊಗೆ ಅದರಲ್ಲಿ ಕಾಲಂ ಇಲ್ಲ.
“ನೋಡು ಡೊಬ್ರಿನಾ,” ಉಪ್ಪು ಉದುರಿಸುತ್ತ ಅಂದ,
“ಈ ಲಾರಿಗಳಿಲ್ಲದಿದ್ದರೆ ನಾನು ಎರಡು ಸಾವಿರದ ಆಸಾಮಿ.”
ನಂಬಿದ್ದೆ. ಅವನ ಹೆಂಡತಿಗೂ ಹೇಳಿದ್ದೆ.

ನವೆಂಬರಿನಲ್ಲಿ ಮಂಜು ಬಂತು.
ಡ್ಯಾನ್ಯೂಬ್ ಇಲ್ಲ, ಸೇತುವೆ ಇಲ್ಲ, ಆಚೆ ದಡದ ರೊಮೇನಿಯಾ ಇಲ್ಲ.
ದಾರಿ ಮುಚ್ಚಿದೆ ಎಂದಿತು ರೇಡಿಯೊ.
ಕಟ್ಟೆಯ ಮೇಲೆ ಒಂದು ಬೆಕ್ಕು ನಡೆದು ಹೋಯಿತು.
ತೂಕದ ಪರದೆ ಮಿಸುಕಲಿಲ್ಲ,
ಇಪ್ಪತ್ತು ಕಿಲೋ ಕೆಳಗಿನದು ಅದಕ್ಕೆ ಲೆಕ್ಕಕ್ಕಿಲ್ಲ.
ಝೆಚ್ಕೊ ನೆಟಿಗೆ ಮುರಿದ, ಚಹಾ ಕಾಸಿದ, ಕೂತ.

ಹನ್ನೊಂದು ಆಟ. ಒಂಬತ್ತು ಸೋಲು.
ಪ್ರತಿ ಸಲವೂ ನಿಮಿಷಗಳು ಉಳಿದೇ ಇದ್ದವು
ಕೈ ತೊಳೆದೆದ್ದವನ ಎಲೆಯಲ್ಲಿ ಅನ್ನದಂತೆ.
ಯೋಚಿಸಿದಷ್ಟೂ ಎಡವಿದ.
ಒಮ್ಮೆಯಂತೂ ಕೋಟೆ ಕಟ್ಟಿದ (ನಾನು ತಲೆಯೆತ್ತಿ ನೋಡಿದೆ)
ಅದರೊಳಗೇ ಉಸಿರು ಕಟ್ಟಿ ಸತ್ತ.

ಬೆಳಗಿನ ಜಾವ ಫೋನು ಬೋರಲು ಹಾಕಿದ.
ರಸೀದಿ ಪುಸ್ತಕದ ಮಡಿಸಿದ ಮೂಲೆಗಳನ್ನು
ನೇರ ಮಾಡುತ್ತ ಕೂತೆ ನಾನು.
ಎದ್ದು ಬೂಟು ಮೆಟ್ಟಿ ಹೊರಗೆ ಹೋದ,
ಅರವತ್ತು ಟನ್ ತಡೆಯುವ ಕಬ್ಬಿಣದ ಹಾಸಿನ ನಡುವೆ ನಿಂತ.
ಮಂಜಿನಲ್ಲಿ ಟೋಪಿಯಷ್ಟೇ.
“ಎಷ್ಟು?” ಕೂಗಿದ.
“ಎಂಬತ್ತು.”
“ಬೂಟು ಸೇರಿ?”
“ಸೇರಿ.”
ತುಸು ಹೊತ್ತು ಸದ್ದಿಲ್ಲ. ಆಮೇಲೆ ಅವನ ನಗು,
ಅಥವಾ ಕೆಮ್ಮು.

ಹನ್ನೆರಡನೆಯ ಆಟ, ಆರನೆಯ ನಡೆ, ಎಲ್ಲೋ ದೂರದಲ್ಲಿ ಹಾರ್ನು.
ಅಷ್ಟು ಚುರುಕಾಗಿ ಅವನು ಎದ್ದದ್ದು ಅದೇ ಮೊದಲು.
ಫೋನು ಮೇಜಿನ ಮೇಲೆ, ಎರಡೂ ಕುದುರೆ ಜೀವಂತ,
ಗಡಿಯಾರ ಇಳಿಯುತ್ತಿತ್ತು.
ಕಿಟಕಿಯತ್ತ ಒಮ್ಮೆ ನೋಡಿ
ಒಂದು ಕಾಲಾಳನ್ನು ಮುಂದಕ್ಕೆ ನೂಕಿದೆ,
ಕಾರಣವಿಲ್ಲದೆ.